ತಾಯಮ್ಮನ ಲ್ಯಾಬ್ ಸೀರೆ

ನಮ್ಮ ಅಡುಗೆಮನೆಯಲ್ಲಿ ಹೆಪ್ಪು ಹಾಕುವುದಕ್ಕೆಂದೇ ಇಟ್ಟ ಒಂದು ಸ್ಟೀಲು ಪಾತ್ರೆ ಇದೆ. ಮುಕ್ಕಾಲು ಲೀಟರು ಹಾಲು ಹಿಡಿಯುತ್ತದೆ. ತಳ ತೆಳು, ಕಂಠದ ಹತ್ತಿರ ಒಂದು ನೆಗ್ಗು. ಹೊಟ್ಟೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ‘ಚಿಕ್ಕತಾಯಮ್ಮ, ಸೋಮನಹಳ್ಳಿ’ ಎಂದು ಕೆತ್ತಿದೆ. ನಮ್ಮ ಮನೆಯಲ್ಲಿ ಚಿಕ್ಕತಾಯಮ್ಮ ಎನ್ನುವವರು ಯಾರೂ ಇಲ್ಲ. ನಮ್ಮೂರು ಸೋಮನಹಳ್ಳಿಯೂ ಅಲ್ಲ, ಕೊಪ್ಪ.

ನಮ್ಮ ಕಡೆ ಇದು ಸಣ್ಣ ಸಂಗತಿಯಲ್ಲ. ಬೇರೆಯವರ ಹೆಸರಿನ ಪಾತ್ರೆ ನಿಮ್ಮ ಮನೆಯ ಗೂಡಿನಲ್ಲಿ ಕೂತಿದೆ ಎಂದರೆ, ಯಾವುದೋ ಮದುವೆಗೋ ತಿಥಿಗೋ ಈಸಿಕೊಂಡು ಬಂದು ಹಿಂದಕ್ಕೆ ಕೊಟ್ಟಿಲ್ಲ ಎಂದೇ ಅರ್ಥ. ಕಳೆದ ವಾರ ಊರಿನಿಂದ ಮದ್ದೂರಿಗೆ, ನಮ್ಮ ಮನೆಗೆ ಬಂದಿದ್ದ ನನ್ನ ಸೋದರತ್ತೆ ಕನ್ನಡಕ ಮೇಲಕ್ಕೆತ್ತಿ ಆ ಚುಕ್ಕಿಗಳನ್ನು ಕೂಡಿಸಿ ಕೂಡಿಸಿ ಓದಿದರು.

“ಯಾರ್ಲಾ ಇವ್ಳು ಚಿಕ್ಕತಾಯಮ್ಮ? ಈಸ್ಕಂಡಿದ್ ಪಾತ್ರೆ ವಾಪಸ್ ಕೊಡ್ಬೇಕು ಅನ್ನೋ ಗ್ಯಾನ ಬ್ಯಾಡ್ವಾ?”

“ಅತ್ತೆ, ಅದು ಅವರೇ ಕೊಟ್ಟಿದ್ದು. ನನಗೆ ಪಿಎಚ್.ಡಿ. ಬಂತಲ್ಲ, ಆಗ.”

“ಎಲ್ರೂ ಅಂಗೇ ಯೋಳೋದು. ಮೇಷ್ಟ್ರಾಗಿ ನೀನೂ ಅಂಗೇ ಅಂತೀಯಲ್ಲ, ಬುಡು.”

ನನ್ನ ಹೆಂಡತಿ ಒಗ್ಗರಣೆಯ ಕಡೆ ಮುಖ ತಿರುಗಿಸಿ ನಕ್ಕಳು. ನನಗೆ ನಗು ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಹೇಳಬೇಕಾದರೆ ಮೊದಲು ಹರಳಿನ ವಿಷಯ ಹೇಳಬೇಕು.

ನಾನು ಮದ್ದೂರಿನ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಮೇಷ್ಟ್ರು. ಪಾಠ ಮಾಡಿಕೊಂಡು ಸುಮ್ಮನಿರುವುದು ಬಿಟ್ಟು ಪಿಎಚ್.ಡಿ.ಗೆ ಕೈ ಹಾಕಿದ್ದೆ. ಎರಡು ವಸ್ತುಗಳನ್ನು ಕುದಿಸಿ ಮೂರನೆಯದೊಂದು ಬಿಳಿ ಪುಡಿ ಮಾಡಿದ್ದೆ. ಅದರ ಅಣುವಿನೊಳಗೆ ಪರಮಾಣುಗಳು ಹೀಗೆ ಹೀಗೆ ಉಂಗುರ ಕಟ್ಟಿಕೊಂಡು ಕೂತಿವೆ ಎಂದು ಹಾಳೆಯ ಮೇಲೆ ಚಂದವಾಗಿ ಬರೆದುಕೊಂಡು ಹೋಗಿ ತೋರಿಸಿದರೆ, ಮೈಸೂರಿನಲ್ಲಿದ್ದ ನಮ್ಮ ಗೈಡು “ಯಾರಪ್ಪ ನೋಡಿದವರು?” ಎನ್ನುತ್ತಿದ್ದರು. ನೋಡುವುದಕ್ಕೆ ಇರುವುದು ಒಂದೇ ದಾರಿ. ಹರಳು ಬೆಳೆಸಬೇಕು, ಅದಕ್ಕೆ ಎಕ್ಸ್-ರೇ ಬಿಡಬೇಕು.

ಕೈ ಮುರಿದಾಗ ತೆಗೆಸುವ ಎಕ್ಸ್-ರೇ ಅಲ್ಲ ಇದು. ನೀವು ಮದ್ದೂರಿನಿಂದ ಕೊಪ್ಪದ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತಿದ್ದೀರಿ ಎಂದುಕೊಳ್ಳಿ. ಹಗ್ಗ ಹಿಡಿದು ನಾಟಿ ಮಾಡಿದ ಗದ್ದೆ ಪಕ್ಕದಲ್ಲಿ ಓಡುತ್ತಿರುತ್ತದೆ. ಒಂದು ಗಳಿಗೆ ಪೈರೆಲ್ಲ ಕಲಸಿಹೋದಂತೆ ಕಾಣುತ್ತದೆ. ಬಸ್ಸು ಇನ್ನೆರಡು ಮಾರು ಮುಂದೆ ಹೋದದ್ದೇ ಸಾಲುಗಳು ತಟ್ಟನೆ ಬಿಚ್ಚಿಕೊಂಡು ಆಚೆ ಬದುವಿನವರೆಗೆ ದಾರಿ ಕಾಣುತ್ತದೆ. ಇನ್ನೆರಡು ಮಾರಿಗೆ ಮತ್ತೆ ಮುಚ್ಚಿಕೊಳ್ಳುತ್ತದೆ. ಯಾವ ಯಾವ ಕೋನದಲ್ಲಿ ಸಾಲು ಬಿಚ್ಚಿತು ಎಂದು ಗುರುತು ಹಾಕಿಕೊಂಡರೆ ಗದ್ದೆಗೆ ಇಳಿಯದೆಯೇ ಪೈರು ಎಷ್ಟೆಷ್ಟು ದೂರಕ್ಕೆ ನೆಟ್ಟಿದೆ ಎಂದು ಹೇಳಿಬಿಡಬಹುದು. ಹರಳಿನೊಳಗೆ ಅಣುಗಳು ಕೂಡ ಹೀಗೆ ಸಾಲು ಹಿಡಿದು ಕೂತಿರುತ್ತವೆ. ಎಕ್ಸ್-ರೇ ಬಿಟ್ಟು ಹರಳನ್ನು ಮೆಲ್ಲಗೆ ತಿರುಗಿಸುತ್ತಾ ಹೋದರೆ ಕೆಲವು ಕೋನಗಳಲ್ಲಿ ಮಾತ್ರ ಕಿರಣ ಚಿಮ್ಮಿ ಚುಕ್ಕಿ ಬೀಳುತ್ತದೆ. ಸಾವಿರಾರು ಚುಕ್ಕಿಗಳು. ಯಾವ ಚುಕ್ಕಿ ಎಲ್ಲಿ ಬಿತ್ತು, ಎಷ್ಟು ಹೊಳೆಯಿತು ಎಂಬುದನ್ನು ಹಿಡಿದು ಕಂಪ್ಯೂಟರು ಒಂದೊಂದು ಪರಮಾಣುವನ್ನೂ ಅದರದರ ಜಾಗದಲ್ಲಿ ಕೂರಿಸಿ ಚಿತ್ರ ಕೊಡುತ್ತದೆ. ನನಗಂತೂ ಈಗಲೂ ಇದು ಪವಾಡ ಅನಿಸುತ್ತದೆ.

ಆದರೆ ಮೊದಲು ನಾಟಿ ಆಗಿರಬೇಕಲ್ಲ? ನನ್ನ ಬಾಟಲಿಗಳಲ್ಲಿ ಬರೀ ಕೆಸರು. ಪುಡಿಯನ್ನು ಕರಗಿಸಿ, ಸಣ್ಣ ಬಾಟಲಿಗಳಿಗೆ ಹಾಕಿ, ಬಾಯಿಗೆ ತೂತು ಮಾಡಿದ ಕಾಗದ ಕಟ್ಟಿ, ಅಲ್ಲಾಡದ ಕಡೆ ಇಟ್ಟು ಕಾಯಬೇಕು. ಕಾದೆ. ಪ್ರತಿ ಸಲವೂ ತಳದಲ್ಲಿ ಅಂಟು ಅಂಟಾದ ಎಣ್ಣೆ ಕೂರುತ್ತಿತ್ತು. ನನಗೆ ಬೇಕಾಗಿದ್ದದ್ದು ಗಸಗಸೆ ಕಾಳಿನಷ್ಟು ದಪ್ಪದ ಒಂದೇ ಒಂದು ಹರಳು. ಐದು ತಿಂಗಳು ಎಣ್ಣೆ ನೋಡಿದೆ.

“ಮಂಡ್ಯ ಜಿಲ್ಲೇಲಿ ಹುಟ್ಟಿ ಒಂದು ಹರಳು ಮಾಡೋಕ್ ಬರಾಕಿಲ್ವಲ್ಲೋ ನಿಂಗೆ,” ಎಂದು ಫಿಸಿಕ್ಸಿನ ನಿಂಗೇಗೌಡ ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಕೇಳಿದ. “ನಮ್ಮ ಕಬ್ಬೇ ವಾಸಿ ಕಣ್ಲಾ, ಸಕ್ಕರೆ ಹರಳಾದ್ರೂ ಕಟ್ತದೆ.”

ಹೀಗಿರುವಾಗ ಚಿಕ್ಕತಾಯಮ್ಮ ರಜೆ ಮುಗಿಸಿಕೊಂಡು ಬಂದರು. ಅವರು ನಮ್ಮ ಲ್ಯಾಬಿನ ಅಟೆಂಡರು. ಎಲ್ಲರಿಗೂ ಬರೀ ತಾಯಮ್ಮ. ನಾನು ಬಾಟಲಿ ಇಡಲು ಶುರು ಮಾಡುವ ಮೊದಲೇ ಮಗಳ ಬಾಣಂತನಕ್ಕೆಂದು ಹೋಗಿದ್ದವರು ಆವತ್ತು ಬಂದು, ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದ್ದ ಲ್ಯಾಬ್ ಸೀರೆ ಸುತ್ತಿಕೊಂಡು ಕೆಲಸಕ್ಕೆ ನಿಂತರು. ಲ್ಯಾಬ್ ಸೀರೆ ಎಂದರೆ, ಕಾಲೇಜಿನವರು ಮೇಷ್ಟ್ರುಗಳಿಗೆಲ್ಲ ಬಿಳಿ ಏಪ್ರನ್ನು ಕೊಟ್ಟಿದ್ದರು, ಬಾಟಲಿ ತೊಳೆಯುವ ತಾಯಮ್ಮನಿಗೆ ಕೊಟ್ಟಿರಲಿಲ್ಲ. ಹಾಗಾಗಿ ಅವರು ಉಟ್ಟ ಸೀರೆಯ ಮೇಲೆ ಇನ್ನೊಂದು ಹಳೇ ನೀಲಿ ಸೀರೆ ಸುತ್ತಿಕೊಳ್ಳುತ್ತಿದ್ದರು. ಅದರ ತುಂಬಾ ಆ್ಯಸಿಡ್ ಬಿದ್ದು ಆದ ತೂತುಗಳು. ಸೆರಗಿನ ತುದಿಗೆ ಹಿಡಿಯಲು ಸಿಗಲೆಂದು ಒಂದು ದಪ್ಪ ಗಂಟು. ಆ ಗಂಟನ್ನು ಮುಷ್ಟಿಯಲ್ಲಿ ಹಿಡಿದು ಟೇಬಲ್ಲು, ತಕ್ಕಡಿ, ಬಾಟಲಿಯ ಬಾಯಿ ಎಲ್ಲ ಒರೆಸುತ್ತಿದ್ದರು. ಒಗೆದರೆ ಉಳಿಯುವುದಿಲ್ಲವೆಂದು ಅದನ್ನು ಒಗೆಯುತ್ತಿರಲಿಲ್ಲ.

ಮರುದಿನ ಬೆಳಗ್ಗೆ ನೋಡುತ್ತೇನೆ, ಮೂರು ಬಾಟಲಿಗಳಲ್ಲಿ ಹರಳು!

ನಿಂಗೇಗೌಡ ಬಗ್ಗಿ ನೋಡಿ ಗಂಭೀರವಾಗಿ ತೀರ್ಪು ಕೊಟ್ಟ. “ತಾಯಮ್ಮನ ಕಾಲ್ಗುಣ.”

ನಾನು ವಿಜ್ಞಾನದ ಮೇಷ್ಟ್ರು. ಹೊಸ ಸೊಸೆ ಕಾಲಿಟ್ಟ ಗಳಿಗೆಗೆ ಎಮ್ಮೆ ಕರು ಹಾಕಿತು ಎಂಬಂಥ ಮಾತುಗಳನ್ನು ಕ್ಲಾಸಿನಲ್ಲಿ ಎಷ್ಟು ಗೇಲಿ ಮಾಡಿದ್ದೇನೋ. ಆದರೂ ಮುಂದಿನ ಸಲ ಬಾಟಲಿ ಜೋಡಿಸಿಟ್ಟ ಮೇಲೆ ಬಾಗಿಲಿಗೆ ಹೋಗಿ, “ತಾಯಮ್ಮ, ಒಂದ್ಸಲ ಬಂದು ಹೋಗಿ. ಬಲಗಾಲು ಮೊದಲು ಇಡಿ,” ಎಂದೆ. ಬಂದರು. ಬಾಟಲಿಯ ಬಾಯಿ ಒರೆಸಿದರು. ಹರಳು ಬಂತು. ಇಷ್ಟಾದ ಮೇಲೆ ಸುದ್ದಿ ನಿಲ್ಲುತ್ತದೆಯೇ? ಮಳವಳ್ಳಿಯ ಕಾಲೇಜಿನ ಗೆಳೆಯನೊಬ್ಬ ತನ್ನದೂ ಹರಳು ಕಟ್ಟುತ್ತಿಲ್ಲವೆಂದು ತಾಯಮ್ಮನನ್ನು ಒಂದು ದಿನದ ಮಟ್ಟಿಗೆ ಕಳಿಸಿಕೊಡಲು ಕೇಳಿದ. ಕಾಲೇಜಿನ ಕೆಲಸದ ಮೇಲೆ ಹೊರಗೆ ಕಳಿಸಲು ಬರೆಯುವ ಓ.ಓ.ಡಿ. ಅರ್ಜಿ ಬರೆದೆವು. ಉದ್ದೇಶ ಎಂಬ ಕಡೆ ‘ಹರಳು ಬರಿಸುವ ಸಲುವಾಗಿ’ ಎಂದು ನಿಂಗೇಗೌಡನೇ ತುಂಬಿದ. ಪ್ರಿನ್ಸಿಪಾಲರು ಓದದೆ ಸಹಿ ಹಾಕಿದರು. ತಾಯಮ್ಮ ಒಳ್ಳೆಯ ಸೀರೆ ಉಟ್ಟು, ಹೂ ಮುಡಿದು, ಮಳವಳ್ಳಿ ಬಸ್ಸು ಹತ್ತಿ ಹೋಗಿ, ಅಲ್ಲಿನ ಲ್ಯಾಬಿಗೆ ಬಲಗಾಲಿಟ್ಟು ಬಂದರು. ಅಲ್ಲಿ ಒಂದು ಹರಳೂ ಹುಟ್ಟಲಿಲ್ಲ. ಕಾಲ್ಗುಣ ಸ್ವಂತ ಮನೆಯವರಿಗೆ ಮಾತ್ರ ಎಂದು ಸಮಾಧಾನ ಹೇಳಿದೆವು.

ಬಂದ ಹರಳುಗಳು ಕೂದಲಿನಷ್ಟು ತೆಳ್ಳಗೆ, ಒಂದಕ್ಕೊಂದು ಅಂಟಿಕೊಂಡಿದ್ದವು. ಮೆಷಿನ್ನಿಗೆ ಕೂರಿಸುವ ಹಾಗಿರಲಿಲ್ಲವೆಂದು ಮಿಕ್ಕ ಪುಡಿಯ ಜೊತೆ ಅವನ್ನೂ ಮತ್ತೆ ಕರಗಿಸಿಬಿಟ್ಟೆ. ಗೈಡು ಮಾತ್ರ ಖುಷಿಯಾಗಿದ್ದರು. “ಬರುತ್ತೆ ಅಂತ ಗೊತ್ತಾಯ್ತಲ್ಲ. ಇನ್ನೂ ನಿಧಾನ ಮಾಡು, ದಪ್ಪ ಬರುತ್ತೆ. ಆದರೆ ಈ ತಿಂಗಳ ಕೊನೆಯೊಳಗೆ ಚಿತ್ರ ಬೇಕು. ಆಮೇಲೆ ನಿನ್ನ ರಿಜಿಸ್ಟ್ರೇಷನ್ನೂ ಇರಲ್ಲ, ನಾನೂ ಇರಲ್ಲ. ರಿಟೈರು.” ಏಳು ವರ್ಷದ ದುಡಿಮೆ ಒಂದು ಗಸಗಸೆ ಕಾಳಿನ ಮೇಲೆ ನಿಂತಿತ್ತು.

ಹರಳು ಇನ್ನೇನು ಕೈಗೆ ಬಂದೇಬಿಟ್ಟಿತು ಎಂಬ ಹುಮ್ಮಸ್ಸಿನಲ್ಲಿ ನಾನು ದೊಡ್ಡ ಮನುಷ್ಯನಾಗಲು ಹೊರಟೆ. ಸ್ಟಾಫ್ ರೂಮಿನಲ್ಲಿ ಸಣ್ಣ ಸಮಾರಂಭ ಮಾಡಿ ತಾಯಮ್ಮನಿಗೆ ಹಾರ ಹಾಕಿ ಹೊಸ ಸೀರೆ ಕೊಟ್ಟೆವು. ಜೊತೆಗೆ ಒಂದು ಬಿಳಿ ಏಪ್ರನ್ನು. ವಿಜ್ಞಾನದಲ್ಲಿ ದೊಡ್ಡವರು ಚಿಕ್ಕವರು ಇಲ್ಲ ಎಂದು ನಾನೇ ಭಾಷಣ ಮಾಡಿದೆ.

“ಅಂಗಾರೆ ಈ ಅಳೇ ಸೀರೆ ಏನ್ ಮಾಡ್ಲಿ ಸಾ?”

“ಯಾವ ಕಾಲದ್ದೋ ಅದು. ತೆಗೆದು ಹಾಕಿ ತಾಯಮ್ಮ.”

ಆಮೇಲೆ ಒಂದು ಹರಳೂ ಬರಲಿಲ್ಲ. ಮತ್ತೆ ಎಣ್ಣೆ. ಒಂದು ವಾರ ಆಯಿತು, ಎರಡು ವಾರ ಆಯಿತು. ತಾಯಮ್ಮನನ್ನು ಹೊರಗೆ ಕಳಿಸಿ ಮತ್ತೆ ಒಳಗೆ ಬರಮಾಡಿಕೊಂಡೆ. ಬಲಗಾಲು, ಆಮೇಲೆ ಯಾಕಿರಬಾರದೆಂದು ಎಡಗಾಲು. ಮೊದಲ ಸಲ ರಜೆ ಮುಗಿಸಿ ಬಂದಾಗಲ್ಲವೇ ಹರಳು ಬಂದದ್ದು ಎಂದು ಮೂರು ದಿನ ರಜೆ ಹಾಕಿಸಿ ವಾಪಸ್ ಕರೆಸಿದೆ. ಒಂದು ದಿನ ಹನ್ನೊಂದು ಸಲ ಹೊಸ್ತಿಲು ದಾಟಿಸಿದೆ.

“ಸಾ, ಮಂಡಿ ನೋಯ್ತದೆ,” ಎಂದರು ತಾಯಮ್ಮ. “ನನ್ ಕಾಲಲ್ಲಿ ಇದ್ದಿದ್ದೆಲ್ಲ ಮುಗೀತೋ ಏನೋ.”

ಅವರ ಮುಖ ನಿಜಕ್ಕೂ ಸಣ್ಣದಾಗಿತ್ತು. ತನ್ನಿಂದ ಮೇಷ್ಟ್ರ ಓದು ಕೆಟ್ಟಿತು ಎಂದುಕೊಂಡಿದ್ದರು. ನಾನು ನಾಚಿಕೆ ಬಿಟ್ಟು ಗೈಡಿಗೆ ಫೋನು ಮಾಡಿ ಕಾಲ್ಗುಣದ ಕಥೆಯನ್ನೆಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ.

“ಹೆಪ್ಪು ಕಣಯ್ಯ,” ಎಂದರು. “ಅದೇ ವಸ್ತುವಿನ ಒಂದು ಕಣ ಬಿದ್ದರೆ ಸಾಕು, ಮಿಕ್ಕಿದ್ದೆಲ್ಲ ಅದನ್ನು ನೋಡಿಕೊಂಡು ಸಾಲು ಕಟ್ಟುತ್ತೆ. ಹಿಂದೆ ಕೆಲವರು ಹರಳಿನ ಧೂಳು ಉಳಿಯಲಿ ಅಂತ ಗಡ್ಡ ಬೋಳಿಸುತ್ತಿರಲಿಲ್ಲವಂತೆ. ನಿನ್ನ ಲ್ಯಾಬಲ್ಲಿ ಮೊದಲ ಪುಡಿ ಎಲ್ಲಾದರೂ ಉಳಿದಿತ್ತಾ?”

ಮೊದಲ ಪುಡಿ! ಅದು ಮಾಡಿದ ದಿನವೇ ಅರ್ಧ ಟೇಬಲ್ಲಿನ ಮೇಲೆ ಚೆಲ್ಲಿದ್ದೆ. ಒರೆಸಿದ್ದು ತಾಯಮ್ಮ, ಸೆರಗಿನ ಗಂಟಿನಿಂದ. ಅದಾದ ಮೇಲೆ ಯಾವುದೋ ಕಮಿಟಿ ಬರುತ್ತದೆಂದು ಇಡೀ ಲ್ಯಾಬು ತೊಳೆದು ಬಣ್ಣ ಹೊಡೆಸಿದ್ದರು. ತೊಳೆಯದೆ ಉಳಿದದ್ದು ಮೊಳೆಗೆ ತೂಗಿದ್ದ ಆ ಸೀರೆ ಒಂದೇ. ಮಳವಳ್ಳಿಯ ಗೆಳೆಯನದು ಬೇರೆ ವಸ್ತು, ಅವನಿಗೆ ನನ್ನ ಪುಡಿಯ ಹೆಪ್ಪಿನಿಂದ ಏನೂ ಆಗುವಂತಿರಲಿಲ್ಲ. ಹೆಪ್ಪನ್ನು ಹೊತ್ತಿದ್ದ ಸೀರೆಯನ್ನು ತೆಗೆದು ಹಾಕಿ ಎಂದು ಹಾರ ಹಾಕಿ ಹೇಳಿದವನು ನಾನು.

“ತಾಯಮ್ಮ, ಆ ಸೀರೆ ಎಲ್ಲಿ?”

“ಪಾತ್ರೆಗ್ ಆಕ್ಬುಟ್ಟೆ ಸಾ.”

ಹಳೇ ಬಟ್ಟೆ ಇಸಿದುಕೊಂಡು ಸ್ಟೀಲು ಪಾತ್ರೆ ಕೊಡುವವರು ನಿಮ್ಮ ಬೀದಿಗೂ ಬರುತ್ತಿರಬಹುದು. ಸೋಮನಹಳ್ಳಿಗೆ ಬರುವುದು ಮಳವಳ್ಳಿಯ ಗೌರಮ್ಮ. ಮಧ್ಯಾಹ್ನದ ಕ್ಲಾಸು ನಿಂಗೇಗೌಡನಿಗೆ ವಹಿಸಿ, ತೊಟ್ಟಿದ್ದ ಏಪ್ರನ್ನನ್ನು ಹಾಗೇ ಸುತ್ತಿ ಸ್ಕೂಟರಿನ ಡಿಕ್ಕಿಗೆ ತುರುಕಿ, ತಾಯಮ್ಮನನ್ನು ಹಿಂದೆ ಕೂರಿಸಿಕೊಂಡು ಹೊರಟೆ. ಮಳವಳ್ಳಿಯಲ್ಲಿ ಗೌರಮ್ಮ ನಮ್ಮನ್ನು ನೋಡಿದ್ದೇ ಕೈ ಅಡ್ಡ ಮಾಡಿದರು.

“ಕೊಟ್ಟಿದ್ ಪಾತ್ರೆ ವಾಪಸ್ ಈಸ್ಕಳಾಕಿಲ್ಲ ಕಣಮ್ಮ. ಎಸ್ರು ಬೇರೆ ಕೆತ್ತಿವ್ನಿ.”

“ಪಾತ್ರೆ ಬ್ಯಾಡ ಗೌರಕ್ಕ, ನಮ್ ಸೀರೆ ಬೇಕು.”

“ಆ ಜರಡಿ ಸೀರೇನಾ?” ಗೌರಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಬೆಳಕವಾಡಿ ಸಿದ್ದೇಗೌಡ ಒಂದ್ ಒರೆ ಅಳೇ ಸೀರೆ ಒತ್ಕಂಡೋದ. ಒಲಕ್ಕೆ ಬೇಲಿ ಕಟ್ಟಕ್ಕೆ.”

ಬೆಳಕವಾಡಿ ದಾಟುತ್ತಿದ್ದಂತೆ ರಸ್ತೆಯಿಂದಲೇ ಕಂಡಿತು. ಮುಸುಕಿನ ಜೋಳದ ಹೊಲ, ಅದರ ಸುತ್ತ ಗೂಟಕ್ಕೆ ಗೂಟ ಕಟ್ಟಿದ ಸೀರೆಗಳು. ಕೆಂಪು, ಹಸಿರು, ಹೂವಿನದು, ಚೌಕಳಿಯದು, ಯಾರದೋ ಧಾರೆಯ ಸೀರೆ ಕೂಡ. ಎಲ್ಲ ಗಾಳಿಗೆ ಉಬ್ಬಿಕೊಂಡು ನಿಂತಿದ್ದವು. ಕಾಡುಹಂದಿ ಬಾರದಿರಲೆಂದು ನಮ್ಮ ಕಡೆ ಹೀಗೆ ಕಟ್ಟುತ್ತಾರೆ. ನಾನು ಬೇಲಿಯ ಈ ತುದಿಯಿಂದ, ತಾಯಮ್ಮ ಆ ತುದಿಯಿಂದ ಒಂದೊಂದೇ ಸೀರೆಯ ಸೆರಗು ಮುಟ್ಟಿ ನೋಡುತ್ತಾ ಬರುವಾಗ ಸಿದ್ದೇಗೌಡ ಓಡಿ ಬಂದ.

“ಯಾರ್ರೀ ನೀವು? ಎಂಗುಸ್ರು ಸೀರೆ ಎಳೀತಾ ನಿಂತಿದೀರಲ್ಲ, ಮಾಟ ಗೀಟ ಮಾಡೋರಾ?”

“ಇಲ್ಲಪ್ಪ, ನಾನು ಮೇಷ್ಟ್ರು. ಕೆಮಿಸ್ಟ್ರಿ.”

“ಅದೇ ಕೇಳಿದ್ದು.”

“ಲೇ, ನಮ್ ಮೇಷ್ಟ್ರಿಗೆ ಅಂಗೆಲ್ಲ ಅನ್ಬ್ಯಾಡ,” ಎಂದು ಆ ಕಡೆಯಿಂದ ತಾಯಮ್ಮ ಕೂಗಿದರು. “ಈ ಸೀರೆ ನಂದು. ಈ ತೂತು ಸಲ್ಫೂರಿಕ್ಕು, ಈ ತೂತು ನೈಟ್ರಿಕ್ಕು. ಬೇಕಾರೆ ನೋಡ್ಕೊ.”

ಸಿದ್ದೇಗೌಡ ನೋಡಿದ. ತೂತುಗಳ ಬಗ್ಗೆ ಅವನಿಗೆ ತಕರಾರಿರಲಿಲ್ಲ. “ನಿಮ್ದೇ ಇರ್ಬೋದು ಕಣವ್ವ. ಬಿಚ್ಚುದ್ರೆ ಅಲ್ಲಿ ಸಂದಿ ಆಯ್ತದೆ, ಅಂದಿ ಬತ್ತದೆ. ಅದ್ರ ಜಾಗಕ್ಕೆ ಏನ್ ಕಟ್ತೀರಿ ಯೋಳಿ.”

ಡಿಕ್ಕಿಯಿಂದ ನನ್ನ ಏಪ್ರನ್ನು ತೆಗೆದು ಕೊಟ್ಟೆ. ಎರಡು ತೋಳುಗಳನ್ನೂ ಎರಡು ಗೂಟಕ್ಕೆ ಎಳೆದು ಕಟ್ಟಿದ. ಜೇಬಿನ ಮೇಲೆ ನನ್ನ ಹೆಸರನ್ನು ಕೆಂಪು ನೂಲಿನಲ್ಲಿ ಹೊಲಿಸಿದ್ದೆ. ಬೆಳಕವಾಡಿಯ ಜೋಳದ ಹೊಲದಲ್ಲಿ ಕೈ ಚಾಚಿಕೊಂಡು ಹಂದಿಗಳಿಗೆ ಕಾಯುತ್ತಾ ನಿಂತದ್ದು ಹೀಗೆ ನಾನೇ. ಆಮೇಲೊಂದು ಸಲ ಸಿದ್ದೇಗೌಡ ಫೋನು ಮಾಡಿದ್ದ. ಆ ಸಂದಿಯಲ್ಲಿ ಮಾತ್ರ ಒಂದು ಹಂದಿಯೂ ನುಗ್ಗಿಲ್ಲವಂತೆ, ಅಂಥದ್ದೇ ಇನ್ನೂ ನಾಲ್ಕು ಕೋಟು ಸಿಗುತ್ತದೆಯೇ ಎಂದು.

ಬರುವಾಗ ತಾಯಮ್ಮ ಸೀರೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಎಳೆಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಒಂದು ಸಲ ಮಳೆ ಬಿದ್ದಿತ್ತು ಎಂದು ಸಿದ್ದೇಗೌಡ ಹೇಳಿದ್ದ. ನನ್ನ ಪುಡಿ ನೀರಿಗೆ ಕರಗುವುದಿಲ್ಲ ನಿಜ, ಆದರೆ ಕೊಚ್ಚಿ ಹೋಗಬಹುದಲ್ಲ? ದಾರಿಯುದ್ದಕ್ಕೂ ಅದೇ ಯೋಚನೆ. ಲ್ಯಾಬಿಗೆ ಬಂದು ಸೀರೆ ಕೊಡವಿದರೆ ಬರೀ ಜೋಳದ ಸಿಪ್ಪೆ ಬಿತ್ತು. ಇನ್ನೊಂದು ಸಲ ಕೊಡವಿದೆ, ಅದೇ ಸಿಪ್ಪೆ.

“ಗಂಟು ಬಿಚ್ನಿಲ್ವಲ್ಲ ಸಾ,” ಎಂದರು ತಾಯಮ್ಮ.

ಹಲ್ಲಿನಿಂದ ಕಚ್ಚಿ ಬಿಚ್ಚಲು ಹೊರಟವರನ್ನು ತಡೆದು ಚಿಮಟ ಕೊಟ್ಟೆ. ಗಂಟಿನ ಒಳಮಡಿಕೆಯಲ್ಲಿ ಚಿಟಿಕೆಯಷ್ಟೂ ಇಲ್ಲದ ಬಿಳಿ ಧೂಳು. ಅದನ್ನು ನಾಲ್ಕು ಬಾಟಲಿಗಳ ಮೇಲೆ ಅವರ ಕೈಯಿಂದಲೇ ಕೊಡವಿಸಿದೆ. ಮೂರನೆಯ ದಿನ ಬೆಳಗ್ಗೆ ಒಂದು ಬಾಟಲಿಯ ತಳದಲ್ಲಿ ಗಸಗಸೆ ಕಾಳಿನಷ್ಟು ದಪ್ಪದ, ಅಂಚು ಕತ್ತರಿಸಿಟ್ಟಂಥ ಒಂದೇ ಹರಳು ಹೊಳೆಯುತ್ತಿತ್ತು. ನಾನು ಅತ್ತುಬಿಟ್ಟೆ, ಅದನ್ನು ಮುಚ್ಚಿಡುವುದೇನು.

ಮೈಸೂರಿನಲ್ಲಿ ಅದನ್ನು ಗಾಜಿನ ಎಳೆಯ ತುದಿಗೆ ಅಂಟಿಸಿ ತಿರುಗಿಸಿದರು. ಚುಕ್ಕಿಗಳು ಬಿದ್ದವು, ಚಿತ್ರ ಬಂತು. ಉಂಗುರ ನಾನು ಹೇಳಿದ ಹಾಗೆಯೇ ಇತ್ತು. ಚಿತ್ರ ತಂದು ತಾಯಮ್ಮನಿಗೆ ತೋರಿಸಿದೆ. ಗುಂಡುಗಳನ್ನೂ ಕಡ್ಡಿಗಳನ್ನೂ ಬಹಳ ಹೊತ್ತು ನೋಡಿದರು.

“ಇದ್ರಲ್ಲಿ ನನ್ ಸೀರೇದು ಎಲ್ಲದೆ ಸಾ?”

“ಒಳಗಿದೆ ತಾಯಮ್ಮ, ಕಾಣಲ್ಲ. ಮೊಸರಾದ ಮೇಲೆ ಹೆಪ್ಪು ಎಲ್ಲಿದೆ ಅಂತ ತೋರಿಸೋಕಾಗುತ್ತಾ?”

“ಅದೂ ಸರಿಯೇ,” ಎಂದರು.

ಕೊನೆಯ ಪರೀಕ್ಷೆ ಮೈಸೂರಿನಲ್ಲಿ. ಅದನ್ನು ನೋಡಬೇಕೆಂದು ತಾಯಮ್ಮನೂ ಬಂದರು. ನಾವು ಕೊಟ್ಟ ಹೊಸ ಸೀರೆ ಉಟ್ಟು ಹಿಂದಿನ ಸಾಲಿನಲ್ಲಿ ಕೂತರು. ಎಲ್ಲ ಇಂಗ್ಲಿಷಿನಲ್ಲಿ ನಡೆಯಿತು. ಹೊರಗಿನಿಂದ ಬಂದಿದ್ದ ಪರೀಕ್ಷಕರು, ಈ ಹರಳು ಹೇಗೆ ಪಡೆದಿರಿ ಎಂದು ಕೇಳಿದರು. ಕಣ್ಣು ಹಿಂದಿನ ಸಾಲಿಗೆ ಹೋಯಿತು. ತಾಯಮ್ಮ ಮುಂದಕ್ಕೆ ಬಾಗಿ ಕೂತಿದ್ದರು. ಹಳೇ ಸೀರೆಯ ಗಂಟಿನಿಂದ ಎಂದು ಆ ಕೋಟಿನವರ ಮುಂದೆ ಹೇಳಲು ನನಗೆ ನಾಚಿಕೆಯಾಯಿತು. ಕೊಠಡಿಯ ಉಷ್ಣಾಂಶದಲ್ಲಿ ದ್ರಾವಣವನ್ನು ನಿಧಾನವಾಗಿ ಆರಿಸಿ ಪಡೆಯಲಾಯಿತು ಎಂದೆ. ಥೀಸಿಸ್ ಪುಸ್ತಕದಲ್ಲೂ ಅದನ್ನೇ ಬರೆದಿದ್ದೆ. ಬೇರೆ ಯಾರಾದರೂ ಹೀಗೆ ಮಾಡಿದರೆ ಬರುತ್ತದೆಯೇ ಎಂದರು. ಖಂಡಿತ ಬರುತ್ತದೆ ಎಂದೆ.

ಹೊರಗೆ ಬಂದಾಗ ತಾಯಮ್ಮ ಕೇಳಿದರು. “ನನ್ ಸೀರೆ ವಿಸ್ಯ ಯೋಳುದ್ರಾ ಸಾ?”

“ಹೇಳಿದೆ.”

“ಏನಂದ್ರು?”

“ಒಳ್ಳೇದು ಅಂದ್ರು.”

ಅವರು ಚೀಲದಿಂದ ಒಂದು ಪಾತ್ರೆ ತೆಗೆದು ನನ್ನ ಕೈಗಿಟ್ಟರು. “ನನ್ ಸೀರೆ ಕೊಟ್ಟು ಪಾತ್ರೆ ತಕಂಡೆ. ನಿಮ್ ಕೋಟು ಕೊಟ್ಟು ಸೀರೆ ತಕಂಡೊ. ಅಲ್ಲಿಗೆ ಕೋಟು ಕಳ್ಕಂಡೋರು ನೀವು, ಪಾತ್ರೆ ನ್ಯಾಯವಾಗಿ ನಿಮ್ದು.” ಈ ತರ್ಕದಲ್ಲಿ ತಪ್ಪು ಹುಡುಕಲು ನನ್ನ ಪಿಎಚ್.ಡಿ. ಸಾಲಲಿಲ್ಲ.

ಪಾತ್ರೆ ಹೀಗೆ ಬಂದದ್ದು. ಆದರೆ ಅತ್ತೆ ಆಡಿದ ಮಾತು ನನ್ನನ್ನು ಕೂರಗೊಡಲಿಲ್ಲ. ಭಾನುವಾರ ಸಂಜೆ ಪಾತ್ರೆ ತೆಗೆದುಕೊಂಡು ಸೋಮನಹಳ್ಳಿಗೆ ಹೋದೆ. ತಾಯಮ್ಮ ಈಗ ರಿಟೈರಾಗಿ ಒಂದು ಹಸು ಕಟ್ಟಿಕೊಂಡಿದ್ದಾರೆ. ನನ್ನನ್ನು ನೋಡಿ, ಹಾಲು ಕರೆಯುತ್ತಿದ್ದವರು ಎದ್ದು ಕೈ ಒರೆಸಿಕೊಂಡರು. ನಾನು ನಿಂತ ಕಾಲಲ್ಲೇ ಹೇಳಿದೆ.

“ತಾಯಮ್ಮ, ಆವತ್ತು ಮೈಸೂರಲ್ಲಿ ನಾನು ನಿಮ್ಮ ಸೀರೆ ವಿಷಯ ಹೇಳಲಿಲ್ಲ. ನಿಮಗೆ ಸುಳ್ಳು ಹೇಳಿದೆ.”

“ಗೊತ್ತು ಬುಡಿ ಸಾ.”

“ಹೇಗೆ ಗೊತ್ತು? ಎಲ್ಲ ಇಂಗ್ಲಿಷಲ್ಲಿತ್ತಲ್ಲ?”

“ಇಂಗ್ಲೀಸಲ್ಲಾದ್ರೂ ನನ್ ಎಸ್ರು ಚಿಕ್ಕತಾಯಮ್ಮನೇ ಅಲ್ವಾ ಸಾ? ಕಿವಿ ಕೊಟ್ಕಂಡೇ ಕೂತಿದ್ದೆ. ಕೇಳುಸ್ನಿಲ್ಲ.”

ತಾಯಮ್ಮ ನನ್ನ ಕೈಯಿಂದ ಪಾತ್ರೆ ಈಸಿಕೊಂಡು ಒಳಗೆ ಹೋದರು. ಕೊಟ್ಟು ಹೋಗಲು ಬಂದಿದ್ದೇನೆ ಎಂದು ಹೇಳುವ ಮೊದಲೇ ವಾಪಸ್ ತಂದು ಕೈಗಿಟ್ಟರು. ಬರೀ ಪಾತ್ರೆ ಕೊಡಬಾರದಲ್ಲ, ತಳದಲ್ಲಿ ಎರಡು ಚಮಚ ಗಟ್ಟಿ ಮೊಸರಿತ್ತು.

“ಬೇಗ ಒಂಟೋಗಿ ಸಾ,” ಎಂದರು. “ದೀಪ ಅಚ್ಚುದ್ಮೇಲೆ ಎಪ್ಪು ಆಚೆ ಕೊಡ್ಬಾರ್ದು.”